ಪಿಸ್ತೂಲು ಜಾಮ್ ಆಯ್ತಾ? ಬ್ಯಾರೆಲ್‌ಗೆ ಅರ ಹಾಕಬೇಡಿ, ಮೊದಲು ಮ್ಯಾಗಜಿನ್ ನೋಡಿ

ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಮನೆಗಳಲ್ಲಿ ಕೋವಿ ಇರುವುದು ಹೊಸದೇನಲ್ಲ. ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಯ ಜೊತೆ ಕೆಲವರ ಹತ್ತಿರ ಲೈಸೆನ್ಸ್ ಇರುವ .32 ಅಳತೆಯ ಪಿಸ್ತೂಲೂ ಇದೆ. ಕೋವಿಗೆ ನಾವೇ ಕೈಯಾರೆ ತೋಟೆ ತುಂಬುತ್ತೇವೆ, ಸಿಕ್ಕಿಕೊಳ್ಳುವ ಮಾತೇ ಕಡಿಮೆ. ಪಿಸ್ತೂಲಿನಲ್ಲಿ ಆ ಕೆಲಸವನ್ನು ಯಂತ್ರವೇ ಮಾಡಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ಅಲ್ಲೇ ತೊಂದರೆ ಶುರು.

ನಮ್ಮ ಪರಿಚಯದವರೊಬ್ಬರ ಪಿಸ್ತೂಲು ರೇಂಜ್‌ನಲ್ಲಿ, ಅಂದರೆ ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗದಲ್ಲಿ, ಮೂರು ಸಲ ಸಿಕ್ಕಿಕೊಂಡಿತು. ಯಾರೋ ರಿಪೇರಿ ಮಾಡುವವರು "ಬ್ಯಾರೆಲ್‌ನ (ನಳಿಗೆಯ) ಹಿಂದಿನ ಬಾಯಿ ಸರಿಯಿಲ್ಲ" ಎಂದು ಹೇಳಿ ಅರದಿಂದ ಚೆನ್ನಾಗಿ ಉಜ್ಜಿ ಕೊಟ್ಟರು. ಆಮೇಲೂ ಸಿಕ್ಕಿಕೊಳ್ಳುವುದು ನಿಲ್ಲಲಿಲ್ಲ. ಜೊತೆಗೆ ಹಾರಿದ ಖಾಲಿ ಕೇಸ್‌ಗಳ (ಗುಂಡು, ಮದ್ದು ಹಿಡಿದಿರುವ ಹಿತ್ತಾಳೆ ಕವಚಗಳ) ಬುಡ ಒಂದು ಬದಿಗೆ ಉಬ್ಬಿಕೊಂಡು ಬೀಳತೊಡಗಿತು. ಆ ಉಬ್ಬನ್ನು ಕೈಯಲ್ಲಿ ಹಿಡಿದು ನೋಡಿದ ದಿನವೇ ಇದನ್ನು ಬರೆಯಬೇಕು ಅನಿಸಿತ್ತು.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಗುಂಡು ಹಾರಿದಾಗ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಹಿಂದಕ್ಕೆ ಹೋಗುತ್ತದೆ, ಖಾಲಿ ಕೇಸನ್ನು ಎಳೆದು ಹೊರಗೆ ಎಸೆಯುತ್ತದೆ. ಮ್ಯಾಗಜಿನ್ (ಹಿಡಿಕೆಯೊಳಗೆ ಕೂರುವ, ತೋಟೆ ತುಂಬುವ ಡಬ್ಬಿ) ಒಳಗಿನ ಸ್ಪ್ರಿಂಗ್ ಮುಂದಿನ ಕಾರ್ಟ್ರಿಡ್ಜನ್ನು, ಅಂದರೆ ಗುಂಡು, ಮದ್ದು, ಕೇಸ್ ಸೇರಿದ ಇಡೀ ತೋಟೆಯನ್ನು, ಮೇಲಕ್ಕೆ ತಳ್ಳಿ ಸಿದ್ಧವಾಗಿ ಇಟ್ಟಿರುತ್ತದೆ. ಸ್ಲೈಡ್ ವಾಪಸ್ ಮುಂದೆ ಬರುವಾಗ ಅದನ್ನು ಬೆನ್ನಿನಿಂದ ದೂಡುತ್ತದೆ. ಗುಂಡಿನ ಮೂತಿ ಫೀಡ್ ರ‍್ಯಾಂಪ್ ಎಂಬ ಸಣ್ಣ ಇಳಿಜಾರಿಗೆ ತಾಗಿ, ಅದರ ಮೇಲೆ ಜಾರಿ ಚೇಂಬರ್, ಅಂದರೆ ಬ್ಯಾರೆಲ್‌ನ ಹಿಂಭಾಗದಲ್ಲಿ ಕಾರ್ಟ್ರಿಡ್ಜ್ ಕೂರುವ ಗೂಡಿನ, ಒಳಗೆ ಹೋಗುತ್ತದೆ. ಹೋಗುವಾಗಲೇ ಅದರ ಬುಡದ ಅಂಚು ಖಾಲಿ ಕೇಸ್ ಎಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯ ಕೆಳಗೆ ಸೇರಿಕೊಳ್ಳಬೇಕು. ಇಷ್ಟರಲ್ಲಿ ಒಂದು ಕಡೆ ತಪ್ಪಿದರೂ ಪಿಸ್ತೂಲು ಬಾಯಿ ತೆರೆದು ನಿಂತುಬಿಡುತ್ತದೆ.

ಬ್ಯಾರೆಲ್‌ನಲ್ಲಿ ಎರಡು ಜಾತಿ. .22 ಮತ್ತು .32ರ ಹೆಚ್ಚಿನ ಪಿಸ್ತೂಲುಗಳಲ್ಲಿ ಅದು ಅಲ್ಲಾಡುವುದಿಲ್ಲ, ಫ್ರೇಮ್‌ಗೆ (ಹಿಡಿಕೆ ಇರುವ ಕೆಳಗಿನ ಚೌಕಟ್ಟಿಗೆ) ಬಿಗಿಯಾಗಿ ಕೂತಿರುತ್ತದೆ. ಈ ಕಾರ್ಟ್ರಿಡ್ಜ್‌ಗಳ ಜೋರು ಕಡಿಮೆ, ಹಾಗಾಗಿ ಸ್ಲೈಡ್‌ನ ತೂಕ ಮತ್ತು ಸ್ಪ್ರಿಂಗ್ ಎರಡೇ ಸಾಕು. ಚೇಂಬರ್ ಒಂದೇ ಜಾಗದಲ್ಲಿ ಇರುವುದರಿಂದ ಗುಂಡಿನ ದಾರಿಯೂ ಸರಳ. 9 ಎಂಎಂ, .45 ತರಹದ ಜೋರಿನವುಗಳಲ್ಲಿ ಬ್ಯಾರೆಲ್ ಸ್ಲೈಡ್‌ಗೆ ಕಚ್ಚಿಕೊಂಡು ಸ್ವಲ್ಪ ದೂರ ಹಿಂದೆ ಹೋಗಿ, ಆಮೇಲೆ ಅದರ ಹಿಂಭಾಗ ಕೆಳಕ್ಕೆ ಬಾಗುತ್ತದೆ. ಇದು ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅವರ ಕೆಲಸ. ಅವರ 1911ರ .45 ಪಿಸ್ತೂಲಿನಲ್ಲಿ ಇಳಿಜಾರು ಎರಡು ತುಂಡು, ಅರ್ಧ ಫ್ರೇಮ್‌ನಲ್ಲಿ, ಅರ್ಧ ಬ್ಯಾರೆಲ್‌ನಲ್ಲಿ. ಎರಡರ ನಡುವೆ ಸುಮಾರು 0.8 ಮಿ.ಮೀ. ಸಂದು ಇರಲೇಬೇಕು. ಬ್ಯಾರೆಲ್‌ನ ಅಂಚು ಹಿಂದೆ ಚಾಚಿಕೊಂಡಿದ್ದರೆ ಗುಂಡಿನ ಮೂತಿ ಅದಕ್ಕೇ ಹೋಗಿ ಡಿಕ್ಕಿ ಹೊಡೆಯುತ್ತದೆ. 1935ರ ಹೈಪವರ್ ಎಂಬ 9 ಎಂಎಂ ಪಿಸ್ತೂಲಿನಲ್ಲಿ ಇಳಿಜಾರು ಇಡೀ ಬ್ಯಾರೆಲ್‌ನಲ್ಲೇ ಇದೆ. 9 ಎಂಎಂ ನಮ್ಮಲ್ಲಿ ಸಾಮಾನ್ಯ ಜನರಿಗೆ ಸಿಗದ ಬೋರ್ (ನಳಿಗೆಯ ಅಳತೆ), ಹಾಗಾಗಿ ಇಲ್ಲಿಂದ ಮುಂದೆ .32 ಮತ್ತು .22 ಮಾತು ಸಾಕು.

ಏನೇ ಮಾಡುವ ಮೊದಲು ಮ್ಯಾಗಜಿನ್ ಹೊರಗೆ ತೆಗೆಯಿರಿ. ಆಮೇಲೆ ಸ್ಲೈಡ್ ಹಿಂದಕ್ಕೆ ಎಳೆದು ಹಿಡಿದು ಚೇಂಬರ್ ಒಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ಹಾಕಿಯೂ ನೋಡಿ. ಈ ಕ್ರಮ ಹಿಂದುಮುಂದಾಗಬಾರದು. ಮ್ಯಾಗಜಿನ್ ಒಳಗಿರುವಾಗ ಸ್ಲೈಡ್ ಎಳೆದು ಬಿಟ್ಟರೆ ಇನ್ನೊಂದು ಗುಂಡು ಚೇಂಬರ್‌ಗೆ ಹೋಗುತ್ತದೆ. ನಾವು ಖಾಲಿ ಎಂದುಕೊಂಡಿರುತ್ತೇವೆ. ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಮದ್ದಿಲ್ಲದ ಡಮ್ಮಿ ಕಾರ್ಟ್ರಿಡ್ಜ್ ಮಾತ್ರ. ಜೀವ ಇರುವ ಕಾರ್ಟ್ರಿಡ್ಜ್ ಹಾಕುವುದು ರೇಂಜ್‌ನಲ್ಲೇ, ಬಾಯಿ ಗುರಿಯ ಕಡೆಗೇ ಇಟ್ಟುಕೊಂಡು, ಬೆರಳು ಟ್ರಿಗರ್‌ನಿಂದ ದೂರ.

ಇನ್ನು ಸಿಕ್ಕಿಕೊಂಡಾಗ ಅವಸರದಲ್ಲಿ ಎಳೆದಾಡಬೇಡಿ. ಕೈ ಹಾಕುವ ಮೊದಲು ಕಾರ್ಟ್ರಿಡ್ಜ್ ಎಲ್ಲಿ ನಿಂತಿದೆ ಎಂದು ಒಂದು ನಿಮಿಷ ನೋಡಿ. ರೇಂಜ್‌ನವರು ಒಪ್ಪಿದರೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಮೂತಿ ಕೆಳಗೆ ಮಾಡಿ ಇಳಿಜಾರಿಗೆ ಕಚ್ಚಿ ನಿಂತಿದ್ದರೆ ಮ್ಯಾಗಜಿನ್ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಇಳಿಜಾರಿನ ಮೇಲೆ ಮಸಿ ಕೂತಿರಬಹುದು. ಮೂತಿ ಆಕಾಶ ನೋಡುತ್ತಿದ್ದರೆ ಮ್ಯಾಗಜಿನ್ ತುಟಿಗಳು, ಅಂದರೆ ಕಾರ್ಟ್ರಿಡ್ಜನ್ನು ಮೇಲಿನಿಂದ ಹಿಡಿಯುವ ಎರಡು ಮಡಿಕೆಗಳು, ಅಗಲವಾಗಿ ಬೇಗ ಬಿಡುತ್ತಿವೆ ಅಂತ ಅನುಮಾನಿಸಿ. ಕಾರ್ಟ್ರಿಡ್ಜ್ ಬಹುಪಾಲು ಒಳಗೆ ಹೋಗಿ ಸ್ಲೈಡ್ ಮುಚ್ಚಲು ಎರಡು ಮೂರು ಮಿ.ಮೀ. ಉಳಿದಿದ್ದರೆ ಚೇಂಬರ್ ಕೊಳಕಾಗಿದೆ, ಅಥವಾ ತುಕ್ಕು ಹಿಡಿದಿದೆ, ಅಥವಾ ಕೊಕ್ಕೆಯ ಕೆಳಗೆ ಕಸ ಇದೆ, ಇಲ್ಲವೇ ಸ್ಲೈಡ್‌ನ ಸ್ಪ್ರಿಂಗ್ ಹಳೆಯದಾಗಿದೆ. ಸ್ಲೈಡ್ ಖಾಲಿ ಚೇಂಬರ್ ಮೇಲೆ ಮುಚ್ಚಿಕೊಂಡು ಕಾರ್ಟ್ರಿಡ್ಜ್ ಕೆಳಗೇ ಉಳಿದಿದ್ದರೆ ಮ್ಯಾಗಜಿನ್ ಪೂರ್ತಿ ಕೂತಿರಲಿಲ್ಲ, ಅಥವಾ ಸ್ಲೈಡ್ ಪೂರ್ತಿ ಹಿಂದೆ ಹೋಗಲೇ ಇಲ್ಲ. ಹಿಡಿತ ಸಡಿಲ ಇದ್ದರೂ ಹೀಗಾಗುತ್ತದೆ. ಮಣಿಕಟ್ಟು ಗಟ್ಟಿಯಾಗಿ ನಿಲ್ಲದಿದ್ದರೆ ಇಡೀ ಪಿಸ್ತೂಲೇ ಹಿಂದಕ್ಕೆ ಹೋಗುತ್ತದೆ, ಸ್ಲೈಡ್‌ಗೆ ಸಿಗಬೇಕಾದ ಓಟ ಸಿಗುವುದಿಲ್ಲ. ಬೇರೆಯವರ ಕೈಯಲ್ಲಿ ಸರಿಯಾಗಿ ನಡೆದರೆ ಉತ್ತರ ಸಿಕ್ಕಿತು, ಅಲ್ವಾ?

.32ಕ್ಕೆ ಅದರದ್ದೇ ಒಂದು ಕಾಯಿಲೆ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಬ್ರೌನಿಂಗ್ 1899ರಲ್ಲಿ ಮಾಡಿದ ಈ ಕಾರ್ಟ್ರಿಡ್ಜ್‌ನ ಬುಡದ ಅಂಚು ಮೈಗಿಂತ ಒಂದು ಕೂದಲಷ್ಟು ಹೊರಗೆ ಚಾಚಿರುತ್ತದೆ. ಬೆರಳಿನ ಉಗುರು ಆಡಿಸಿದರೆ ತಿಳಿಯುತ್ತದೆ. ಮ್ಯಾಗಜಿನ್ ಒಳಗೆ ಮೇಲಿನ ಕಾರ್ಟ್ರಿಡ್ಜ್‌ನ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಂಡಂತೆ ನಿಲ್ಲುತ್ತವೆ, ಸ್ಲೈಡ್ ಎಷ್ಟು ದೂಡಿದರೂ ಮೇಲಿನದು ಮುಂದೆ ಬರುವುದಿಲ್ಲ. ಮೂತಿ ಗಿಡ್ಡ ಇರುವ, ತೂತು ಮೂತಿಯ ಕಾರ್ಟ್ರಿಡ್ಜ್‌ಗಳಲ್ಲಿ ಇದು ಜಾಸ್ತಿ. ಮ್ಯಾಗಜಿನ್ ಒಳಗೆ ಹಿಂದೆ ಮುಂದೆ ಜಾಗ ಉಳಿಯುತ್ತದಲ್ಲ, ಅದಕ್ಕೆ. ಪೂರ್ತಿ ಲೋಹದ ಹೊದಿಕೆಯ, ದುಂಡು ಮೂತಿಯ ಮಾಮೂಲಿ ಕಾರ್ಟ್ರಿಡ್ಜ್ ಸುಮಾರು 25 ಮಿ.ಮೀ. ಉದ್ದ ಇರುತ್ತದೆ, ಅದನ್ನೇ ಬಳಸಿ. ತುಂಬುವಾಗ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಅಂಚು ಸರಿಯಾಗಿ ಮುಂದೆ ಕೂತಿದೆಯಾ ನೋಡಿ ಆಮೇಲೆ ಮುಂದಿನದು. ನಾನು ಈಗಲೂ ಹಾಗೆಯೇ ತುಂಬುತ್ತೇನೆ.

ನನ್ನ ಪಿಸ್ತೂಲಿನ ಕತೆ ಹೀಗೆ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಠಾಣೆಗೆ ಒಪ್ಪಿಸಿದ್ದ ಪಿಸ್ತೂಲನ್ನು ವಾಪಸ್ ತಂದೆ. ಮಳೆಗಾಲ ಕಳೆದು ರೇಂಜ್‌ಗೆ ಹೋದರೆ ಎರಡನೇ ಗುಂಡಿಗೇ ನಿಂತಿತು, ಮೂತಿ ಮೇಲಕ್ಕೆ. ನನ್ನ ಹತ್ತಿರ ಎರಡು ಮ್ಯಾಗಜಿನ್ ಇವೆ. ಉಗುರು ಬಣ್ಣದಿಂದ ಒಂದಕ್ಕೆ ಒಂದು ಚುಕ್ಕೆ, ಇನ್ನೊಂದಕ್ಕೆ ಎರಡು ಚುಕ್ಕೆ ಇಟ್ಟೆ. ನೋಡಿದರೆ ಸಿಕ್ಕಿಕೊಂಡಿದ್ದೆಲ್ಲ ಎರಡು ಚುಕ್ಕೆಯದ್ದೇ. ಬೆಳಕಿಗೆ ಹಿಡಿದಾಗ ಎಡಗಡೆಯ ತುಟಿ ಸ್ವಲ್ಪ ಹೊರಗೆ ಬಾಗಿತ್ತು, ಯಾವಾಗಲೋ ಸಿಮೆಂಟ್ ನೆಲಕ್ಕೆ ಬಿದ್ದಿದ್ದು. ಅದನ್ನು ಇಕ್ಕಳದಿಂದ ಬಗ್ಗಿಸಲು ಹೋಗಲಿಲ್ಲ. ಬದಲಿ ಮ್ಯಾಗಜಿನ್ ತರಿಸಿದೆ, ಅಲ್ಲಿಗೆ ಮುಗಿಯಿತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನಿಂತರೆ ಮೊದಲು ಹಾಪರ್‌ನಲ್ಲಿ ಕಲ್ಲು ಸಿಕ್ಕಿದೆಯಾ ಅಂತ ನೋಡುತ್ತೇವೆಯೇ ಹೊರತು ಡ್ರಮ್ ಉಜ್ಜಲು ಹೋಗುವುದಿಲ್ಲವಲ್ಲ, ಇದೂ ಹಾಗೆಯೇ.

ಅರ ಯಾಕೆ ಬೇಡ ಅಂದರೆ, ಹಿತ್ತಾಳೆ ಕೇಸ್ ತುಂಬ ತೆಳುವಾದದ್ದು. ಗುಂಡು ಹಾರುವಾಗ ಅದನ್ನು ಸುತ್ತಲೂ ಹಿಡಿದಿಟ್ಟುಕೊಳ್ಳುವುದು ಚೇಂಬರ್ ಗೋಡೆ. ಇಳಿಜಾರನ್ನು ಉಜ್ಜಿ ಒಳಕ್ಕೆ ತಂದಷ್ಟೂ ಬುಡದ ಕೆಳಭಾಗ ಆಸರೆಯಿಲ್ಲದೆ ಉಳಿಯುತ್ತದೆ. ಅಲ್ಲೇ ಉಬ್ಬುತ್ತದೆ, ಒಂದು ದಿನ ಅಲ್ಲೇ ಒಡೆದು ಬಿಸಿ ಗಾಳಿ ಕೈಗೆ, ಮುಖಕ್ಕೆ ಹಾರುತ್ತದೆ. ತೆಗೆದ ಉಕ್ಕನ್ನು ವಾಪಸ್ ಹಾಕಲು ಆಗುವುದಿಲ್ಲ. ಬಟ್ಟೆಯಿಂದ ಒರೆಸಿ ಹೊಳಪು ಬರಿಸುವುದು ಬೇರೆ, ಕೋನ ಬದಲಿಸುವುದು ಬೇರೆ. ಎಮರಿ ಪೇಪರ್ ಕೂಡ ಬೇಡ.

ಶುಚಿ ಮಾಡುವುದು ಸುಲಭ. ನೈಲಾನ್ ಬ್ರಷ್, ಸಾಲ್ವೆಂಟ್, ಹಳೇ ಬನಿಯನ್ ಬಟ್ಟೆ ಸಾಕು. ಇಳಿಜಾರು, ಚೇಂಬರ್, ಕೊಕ್ಕೆಯ ಕೆಳಭಾಗ ಇವು ಮೂರು ಮುಖ್ಯ. ಚೇಂಬರ್ ಒಳಗೆ ಎಣ್ಣೆ ಉಳಿಸಬೇಡಿ, ಒಣಗಿಸಿ. ಎಣ್ಣೆ ಬೇಕಾಗಿರುವುದು ಸ್ಲೈಡ್ ಜಾರುವ ಜಾಗಕ್ಕೆ, ಅದೂ ಒಂದೆರಡು ಹನಿ. ಮ್ಯಾಗಜಿನ್ ಒಳಗೂ ಬೇಡ, ಧೂಳು ಅಂಟಿಕೊಂಡು ಗಂಜಿಯಂತಾಗುತ್ತದೆ. ನಮ್ಮ ಮಳೆಗಾಲದಲ್ಲಿ ಚರ್ಮದ ಪೌಚ್‌ನಲ್ಲಿಟ್ಟು ಬೀರುವಿಗೆ ಹಾಕಿದರೆ ತುಕ್ಕು ಗ್ಯಾರಂಟಿ, ಚರ್ಮ ತೇವ ಕುಡಿದುಕೊಂಡೇ ಇರುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೀಗದೊಳಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ.

ಕಾರ್ಟ್ರಿಡ್ಜ್‌ಗಳನ್ನೂ ನೋಡಿ. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದದ್ದನ್ನು, ತಗ್ಗು ಬಿದ್ದದ್ದನ್ನು ಹಾರಿಸಬೇಡಿ. ಒಂದೇ ಕಾರ್ಟ್ರಿಡ್ಜನ್ನು ದಿನಾ ಚೇಂಬರ್‌ಗೆ ಹಾಕಿ ತೆಗೆದು ಮಾಡುವವರಿದ್ದಾರೆ. ಪ್ರತಿ ಸಲ ಮೂತಿ ಇಳಿಜಾರಿಗೆ ಬಡಿದು ಗುಂಡು ಕೇಸ್ ಒಳಗೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತದೆ, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಪೆಟ್ಟಿಗೆಯ ಹೊಸದರ ಪಕ್ಕ ನಿಲ್ಲಿಸಿ ನೋಡಿ, ಗಿಡ್ಡ ಕಂಡರೆ ಬದಿಗಿಡಿ. ಹಾರಿಸುವಾಗ ಯಾವತ್ತಾದರೂ ಢಂ ಅನ್ನುವ ಬದಲು ಪುಸ್ ಅಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ಬ್ಯಾರೆಲ್ ಒಳಗೇ ಉಳಿದಿರಬಹುದು, ಅದರ ಹಿಂದೆ ಇನ್ನೊಂದು ಹಾರಿಸಿದರೆ ಬ್ಯಾರೆಲ್ ಸೀಳುತ್ತದೆ.

.22ರಲ್ಲಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ಡಮ್ಮಿ ಇಲ್ಲದೆ ಸುಮ್ನೆ ಟ್ರಿಗರ್ ಎಳೆಯುತ್ತಾ ಕೂರಬೇಡಿ. .22ರಲ್ಲಿ ಗುಂಡು ಸಿಡಿಸುವ ಪಿನ್ ಹೊಡೆಯುವುದು ಕಾರ್ಟ್ರಿಡ್ಜ್ ಬುಡದ ಅಂಚಿಗೆ. ಖಾಲಿ ಇದ್ದಾಗ ಕೆಲವು ಪಿಸ್ತೂಲುಗಳಲ್ಲಿ ಅದು ಚೇಂಬರ್ ಬಾಯಿಗೇ ಬಡಿದು ಸಣ್ಣ ಮುಳ್ಳು ಏಳುತ್ತದೆ, ಆಮೇಲೆ ಕಾರ್ಟ್ರಿಡ್ಜ್ ಪೂರ್ತಿ ಕೂರುವುದಿಲ್ಲ. ಸೀಸದ ಗುಂಡಿನ ಮೇಣವೂ ಚೇಂಬರ್‌ನಲ್ಲಿ ಬೇಗ ಕೂರುತ್ತದೆ, ಪ್ರತಿ ಅಭ್ಯಾಸದ ನಂತರ ಒರೆಸಿ. ಬ್ರ‍್ಯಾಂಡ್ ಬದಲಾದರೆ ನಡವಳಿಕೆಯೂ ಬದಲಾಗುತ್ತದೆ, ನಿಮ್ಮ ಪಿಸ್ತೂಲಿಗೆ ಒಗ್ಗಿದ್ದನ್ನೇ ಹಿಡಿದುಕೊಳ್ಳಿ.

ಶುಚಿ ಮಾಡಿ, ಮ್ಯಾಗಜಿನ್ ಬದಲಿಸಿ, ಬೇರೆ ಪೆಟ್ಟಿಗೆಯ ಕಾರ್ಟ್ರಿಡ್ಜ್ ಹಾಕಿ, ಬೇರೆಯವರ ಕೈಯಲ್ಲಿ ಹಾರಿಸಿಯೂ ಅದೇ ಜಾಗದಲ್ಲಿ ಸಿಕ್ಕಿಕೊಂಡರೆ ಆಗ ಬ್ಯಾರೆಲ್ ಮೇಲೆ ಅನುಮಾನ ಪಡಿ. ರಿಪೇರಿಗೆ ಲೈಸೆನ್ಸ್ ಇರುವವರ ಹತ್ತಿರವೇ ತೆಗೆದುಕೊಂಡು ಹೋಗಿ. ಹೋಗುವಾಗ ಎರಡೂ ಮ್ಯಾಗಜಿನ್, ತೆಗೆದ ಫೋಟೋ, ಹಾರಿಸಿದ ಐದಾರು ಖಾಲಿ ಕೇಸ್ ಜೊತೆಗಿರಲಿ, ಕೇಸ್‌ನ ಬುಡ ನೋಡಿದರೆ ಚೇಂಬರ್ ಹೇಗಿದೆ ಎಂದು ಅವರಿಗೆ ತಿಳಿಯುತ್ತದೆ.