ಫೈಲ್ ಓಡುತ್ತಿಲ್ಲ, ಮಲಗಿದೆ: ಕಚೇರಿಯಲ್ಲಿ ‘ಲೀನ್’ ಶುರು ಮಾಡುವುದು ಹೇಗೆ?

ಕಚೇರಿಯಲ್ಲಿ ಕೆಲಸ ಯಾಕೆ ತಡ ಅಂತ ಕೇಳಿದರೆ ಮೊದಲು ಬರುವ ಉತ್ತರ ‘ಸ್ಟಾಫ್ ಕಮ್ಮಿ’. ಇರಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ಒಂದೇ ಒಂದು ಅರ್ಜಿಯ ಹಿಂದೆ ಹೋಗಿ ನೋಡಿ. ಬಹಳ ಸಲ ಅದನ್ನು ಯಾರಾದರೂ ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದು ಅರ್ಧ ಗಂಟೆ ಇರುತ್ತದೆ, ಉಳಿದ ದಿನವೆಲ್ಲ ಅದು ದಾರ ಕಟ್ಟಿಸಿಕೊಂಡು ಯಾವುದೋ ಮೇಜಿನ ಮೇಲೆ ಮಲಗಿರುತ್ತದೆ. ಈ ನಿದ್ದೆ ಕಡಿಮೆ ಮಾಡುವುದೇ ಲೀನ್. ಜನರನ್ನು ಓಡಿಸುವುದಲ್ಲ.

ಇದು ಬಂದದ್ದು ಜಪಾನಿನ ಟೊಯೋಟಾ ಕಾರ್ಖಾನೆಯಿಂದ. ಅಲ್ಲಿ ಈ ಪದ್ಧತಿ ಕಟ್ಟಿದ ತೈಚಿ ಓನೊ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಒಂದು ವೃತ್ತ ಬರೆದು, ಅದರೊಳಗೆ ಇಂಜಿನಿಯರನ್ನು ನಿಲ್ಲಿಸಿ, ಸುಮ್ನೆ ನೋಡ್ತಾ ಇರು ಅನ್ನುತ್ತಿದ್ದರಂತೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ಒಂದೇ ಸೇವೆ ಆರಿಸಿಕೊಳ್ಳಿ. ಜಾತಿ-ಆದಾಯ ಪತ್ರವೋ, ಖಾತೆ ಬದಲಾವಣೆಯೋ, ಜಾಸ್ತಿ ಅರ್ಜಿ ಬರುವ ಯಾವುದಾದರೂ ಒಂದು. ಇಡೀ ಇಲಾಖೆ ತಿದ್ದುತ್ತೇನೆ ಅಂತ ಹೊರಡಬೇಡಿ.

ಆಮೇಲೆ ಇಪ್ಪತ್ತು ಹೊಸ ಅರ್ಜಿಗಳಿಗೆ ಒಂದೊಂದು ಚೀಟಿ ಅಂಟಿಸಿ. ಟಪಾಲು, ಕೇಸ್ ವರ್ಕರ್, ಆರ್‌ಐ (ಕಂದಾಯ ನಿರೀಕ್ಷಕರು), ಶಿರಸ್ತೇದಾರ್, ಯಾರ ಹತ್ತಿರ ಹೋದರೂ ಬಂದ ದಿನ, ಬಿಟ್ಟ ದಿನ, ಕೆಲಸಕ್ಕೆ ಹಿಡಿದ ನಿಮಿಷ ಬರೆಯಬೇಕು. ಅರ್ಜಿ ಆನ್‌ಲೈನ್ ಆಗಿದ್ದರೂ ಲೆಕ್ಕ ಇದೇ, ಅಲ್ಲಿ ಫೈಲ್ ಮಲಗುವುದು ಯಾರದೋ ಲಾಗಿನ್‌ನಲ್ಲಿ. ಇದು ಯಾರನ್ನೋ ಹಿಡಿಯುವ ಬಲೆ ಅಲ್ಲ ಅಂತ ಸ್ಟಾಫ್‌ಗೆ ಮೊದಲೇ ಹೇಳಿ, ಇಲ್ಲದಿದ್ದರೆ ಚೀಟಿಯಲ್ಲಿ ಕಥೆ ಬರೆಯುತ್ತಾರೆ.

ಮೂರನೆಯದು ರಾಶಿಯ ಲೆಕ್ಕ. ನನ್ನ ಪ್ರಕಾರ ಇಡೀ ವಿಷಯದ ಜೀವ ಇಲ್ಲೇ ಇದೆ. ಒಬ್ಬ ಕೇಸ್ ವರ್ಕರ್ ಮೇಜಿನ ಮೇಲೆ 180 ಫೈಲ್ ಇವೆ ಅಂದುಕೊಳ್ಳಿ. ದಿನಕ್ಕೆ 12 ಬರುತ್ತವೆ, 12 ಮುಗಿಯುತ್ತವೆ. ಇವತ್ತು ಬಂದ ಅರ್ಜಿಯ ಸರದಿ ಬರುವುದು 15 ಕೆಲಸದ ದಿನ ಕಳೆದ ಮೇಲೆ, ಅಲ್ವಾ? ಆದರೆ ಗಮನಿಸಿ, ಅವರು ಬಂದಷ್ಟನ್ನು ಮುಗಿಸುತ್ತಲೇ ಇದ್ದಾರೆ. ಸೋಮಾರಿಯೂ ಅಲ್ಲ, ಕೈ ಕಮ್ಮಿಯೂ ಇಲ್ಲ. ಯಾವಾಗಲೋ ಚುನಾವಣೆ ಡ್ಯೂಟಿಗೆ ಹೋದಾಗ ಬಿದ್ದ ಹಳೇ ರಾಶಿ ಹಾಗೇ ಉಳಿದಿದೆ, ಮುಂದೆ ಬರುವ ಪ್ರತಿಯೊಬ್ಬರೂ ಅದಕ್ಕೆ 15 ದಿನದ ದಂಡ ಕಟ್ಟುತ್ತಿದ್ದಾರೆ. ಪಕ್ಕದ ಸೆಕ್ಷನ್‌ನಿಂದ ಐದು ಜನರನ್ನು ಮೂರು ದಿನ ಕೂರಿಸಿ ಆ ರಾಶಿ ಒಮ್ಮೆ ಕರಗಿಸಿದರೆ, ಇವತ್ತು ಬಂದದ್ದು ಇವತ್ತೋ ನಾಳೆಯೋ ಹೋಗುತ್ತದೆ. ಹೊಸ ಹುದ್ದೆ ಬೇಕಿಲ್ಲ.

ರಾಶಿ ಕರಗಿದ ಮೇಲೆ ಅದು ಮತ್ತೆ ಬೆಳೆಯದಂತೆ ನೋಡಿಕೊಳ್ಳಬೇಕು. ಸಾಹೇಬ್ರ ಸಹಿಗೆ ವಾರವಿಡೀ ಫೈಲ್ ಕೂಡಿಹಾಕಿ ಒಟ್ಟಿಗೆ ಒಳಗೆ ಕಳಿಸುವ ಅಭ್ಯಾಸ ಬಿಡಿ, ದಿನಕ್ಕೆ ಎರಡು ಸಲ ಕಳಿಸಿ. ಬಂದ ಕ್ರಮದಲ್ಲೇ ತೆಗೆಯಿರಿ. ನಮ್ಮಲ್ಲೇ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯಲ್ಲಿ ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆಯುವ ಹಾಗೆ ಕಂಪ್ಯೂಟರಿನಲ್ಲೇ ಕಟ್ಟಿದರು. ಪಹಣಿ ಕಂಪ್ಯೂಟರಿಗೆ ಹೋದದ್ದನ್ನು ಎಲ್ಲರೂ ಹೇಳುತ್ತಾರೆ, ಈ ಸರದಿಯ ಬಗ್ಗೆ ಮಾತು ಕಮ್ಮಿ. ‘ನಮ್ಮವರದು ಸ್ವಲ್ಪ ಮೇಲೆ ಇಡಿ’ ಅನ್ನುವುದಕ್ಕೆ ಜಾಗ ಇಲ್ಲದಂತೆ ಮಾಡಿದ್ದೇ ಅದರ ಗಟ್ಟಿ ಭಾಗ ಅಂತ ನನಗನ್ನಿಸುತ್ತದೆ.

ಇನ್ನು ಕೌಂಟರ್. ಜೆರಾಕ್ಸ್ ಇಲ್ಲ, ಸಹಿ ಇಲ್ಲ ಅಂತ ಹತ್ತು ದಿನದ ನಂತರ ವಾಪಸ್ ಕಳಿಸಿದರೆ ಅಷ್ಟೂ ಕೆಲಸ ಎರಡೆರಡು ಸಲ. ನಾನೇ ಒಂದು ಕಚೇರಿಗೆ ಒಂದೇ ದಾಖಲೆಯನ್ನು ಮೂರು ಸಲ ಕೊಟ್ಟು ಬಂದಿದ್ದೇನೆ, ಮೂರನೇ ಸಲ ಅವರಿಗೇ ನಗು ಬಂತು. ಅರ್ಜಿ ತೆಗೆದುಕೊಳ್ಳುವ ಜಾಗದಲ್ಲಿ ಹೊಸಬರನ್ನಲ್ಲ, ಎಲ್ಲ ಗೊತ್ತಿರುವ ಹಳಬರನ್ನು ಕೂರಿಸಿ.

ಸಾಫ್ಟ್‌ವೇರ್ ಕೊನೆಗೆ. ಐದು ಸಹಿಯಲ್ಲಿ ಎರಡು ಸುಮ್ನೆ ಇದ್ದರೆ, ಕಂಪ್ಯೂಟರಿಗೆ ಹಾಕಿದ ಮೇಲೂ ಅವು ಸುಮ್ನೆಯೇ ಇರುತ್ತವೆ. ಸಹಿ ತೆಗೆಯುವ ಮೊದಲು ನಿಯಮ ನೋಡಿ, ಕೆಲವು ಕಾನೂನಿನಲ್ಲಿರುತ್ತವೆ, ಕೆಲವು ಬರೀ ರೂಢಿ.

ಒಂದು ಎಚ್ಚರಿಕೆ. 2012ರಿಂದ ನಮ್ಮಲ್ಲಿ ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಇದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಗಡುವು ಒಳ್ಳೆಯದೇ. ಆದರೆ ಗಡುವನ್ನಷ್ಟೇ ಎಣಿಸಿದರೆ ಕೊನೆಯ ದಿನ ‘ದಾಖಲೆ ಸಾಲದು’ ಅಂತ ತಿರಸ್ಕರಿಸಿ ಲೆಕ್ಕ ಚೊಕ್ಕ ಮಾಡುವ ಆಸೆ ಯಾರಿಗಾದರೂ ಬರುತ್ತದೆ. ಅದಕ್ಕೇ ತಿರಸ್ಕಾರಗಳನ್ನೂ ಎಣಿಸಿ, ಕಾರಣದ ಸಮೇತ ಬೋರ್ಡಿನ ಮೇಲೆ ಬರೆಯಿರಿ. ದಿನಾ ಬೆಳಿಗ್ಗೆ ಹತ್ತು ನಿಮಿಷ ಆ ಬೋರ್ಡಿನ ಮುಂದೆ ನಿಂತೇ ಮಾತಾಡಿ, ಕೂತರೆ ಕಾಫಿ ಬರುತ್ತದೆ, ಅದು ಮೀಟಿಂಗ್ ಆಗುತ್ತದೆ.

ತಿಂಗಳು ಬಿಟ್ಟು ಮತ್ತೆ ಇಪ್ಪತ್ತು ಅರ್ಜಿಗೆ ಚೀಟಿ ಅಂಟಿಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಯಾವ ಮೇಜಿನಲ್ಲಿ ಇನ್ನೂ ಜಾಸ್ತಿ ದಿನ ಮಲಗುತ್ತಿದೆಯೋ, ಮುಂದಿನ ಕೆಲಸ ಅಲ್ಲಿ.