ಎಡಗಾಲಿನ ಹೊರ ಅಂಚು

ಹದಿನಾಲ್ಕನೆಯ ವಯಸ್ಸಿನಲ್ಲಿ ಐಸ್ ಮೇಲಿನ ಫಿಗರ್ ಸ್ಕೇಟಿಂಗ್ ಸ್ಪರ್ಧೆಯೊಂದರಲ್ಲಿ ನನ್ನ ಕೈ ಸೇರಿದ ಅಂಕಪಟ್ಟಿಯನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಡಬಲ್ ಲಟ್ಸ್ ಎಂಬ ಜಿಗಿತದ ಪಕ್ಕ ಇಂಗ್ಲಿಷಿನ ಸಣ್ಣ ‘ಇ’ ಅಕ್ಷರವಿದೆ. ಸ್ಕೇಟ್ ಬ್ಲೇಡ್‌ನ ತಪ್ಪು ಅಂಚಿನಿಂದ ಜಿಗಿದಿದ್ದೇನೆ ಎಂದು ಅದರ ಅರ್ಥ. ನಾನು ಬಿದ್ದಿರಲಿಲ್ಲ, ಎರಡು ಸುತ್ತು ಪೂರ್ತಿ ಸುತ್ತಿ ಒಂದೇ ಕಾಲಿನ ಮೇಲೆ ಇಳಿದಿದ್ದೆ, ಅಪ್ಪ ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಆದರೂ ಅಂಕ ಕಡಿತವಾಗಿತ್ತು. ಆ ಒಂದು ಅಕ್ಷರವನ್ನು ಅಳಿಸಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ನಾನು ಬೆಂಗಳೂರಿನ ಹುಡುಗಿ. ವಿಜಯನಗರದ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಉದ್ಯಾನದ ಪಕ್ಕದ ಸಿಮೆಂಟ್ ರಿಂಕ್‌ನಲ್ಲಿ, ಬೆಳಗಿನ ಐದೂವರೆಗೆ ಚಕ್ರದ ಸ್ಕೇಟ್ ಕಟ್ಟಿಕೊಂಡು ಕಲಿತವಳು. ನಮ್ಮ ದೇಶದಲ್ಲಿ ಐಸ್ ಮೇಲೆ ಸ್ಪರ್ಧಿಸುವ ಬಹಳ ಮಕ್ಕಳ ಕಥೆ ಹೀಗೆಯೇ ಚಕ್ರದಿಂದ ಶುರುವಾಗುತ್ತದೆ. ಹನ್ನೆರಡರಲ್ಲಿ ಮೊದಲ ಬಾರಿ ಗುರುಗ್ರಾಮದ ಆಂಬಿಯನ್ಸ್ ಮಾಲ್‌ನ ರಿಂಕ್‌ಗೆ ಹೋದೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ಅಲ್ಲಿಂದ ಮೆಟ್ರೋ. ಬೇಸಿಗೆ ರಜೆ, ದಸರಾ ರಜೆ, ಕ್ರಿಸ್‌ಮಸ್ ರಜೆ ಎಲ್ಲವನ್ನೂ ಕೂಡಿಸಿದರೆ ವರ್ಷಕ್ಕೆ ಐವತ್ತು ದಿನ ನನಗೆ ಐಸ್ ಸಿಗುತ್ತಿತ್ತು. ಹೊರದೇಶದಲ್ಲಿ ನನ್ನ ವಯಸ್ಸಿನವರು ಅಷ್ಟನ್ನು ಎರಡು ತಿಂಗಳಲ್ಲಿ ಮುಗಿಸುತ್ತಾರೆ. ಹಾಗಾಗಿ ಐಸ್ ಇಲ್ಲದ ಮುನ್ನೂರು ದಿನಗಳಲ್ಲಿ ಏನು ಮಾಡಬೇಕು ಎಂಬುದೇ ನನ್ನ ಆಟದ ಮುಖ್ಯ ಪ್ರಶ್ನೆಯಾಯಿತು.

ಲಟ್ಸ್ ಬಗ್ಗೆ ಸ್ವಲ್ಪ ಹೇಳಬೇಕು. ಆಸ್ಟ್ರಿಯಾದ ಅಲೋಯಿಸ್ ಲಟ್ಸ್ 1913ರಲ್ಲಿ ಮೊದಲು ಮಾಡಿದ ಜಿಗಿತವಿದು. ಹಿಂದುಹಿಂದಕ್ಕೆ ಸಾಗುತ್ತಾ, ಎಡಗಾಲಿನ ಬ್ಲೇಡ್‌ನ ಹೊರ ಅಂಚಿನ ಮೇಲೆ ಭಾರ ಹಾಕಿ, ಬಲಗಾಲಿನ ಬ್ಲೇಡ್ ತುದಿಯ ಹಲ್ಲುಗಳನ್ನು ಐಸ್‌ಗೆ ಚುಚ್ಚಿ ಮೇಲೇಳಬೇಕು. ಕಷ್ಟ ಇರುವುದು ದಿಕ್ಕಿನಲ್ಲಿ. ಕಾಲು ಕೊರೆಯುವ ವಕ್ರರೇಖೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಿರುತ್ತದೆ, ದೇಹ ಗಾಳಿಯಲ್ಲಿ ಸುತ್ತಬೇಕಾದದ್ದು ಅದಕ್ಕೆ ವಿರುದ್ಧವಾಗಿ. ಆದ್ದರಿಂದ ಜಿಗಿಯುವ ಕೊನೆಯ ಕ್ಷಣದಲ್ಲಿ ಪಾದ ತಾನಾಗಿಯೇ ಒಳ ಅಂಚಿಗೆ ಜಾರುತ್ತದೆ. ಒಳ ಅಂಚಿನಿಂದ ಎದ್ದರೆ ಅದು ಫ್ಲಿಪ್ ಎಂಬ ಬೇರೆಯದೇ ಜಿಗಿತ, ಅದಕ್ಕೆ ಬೆಲೆಯೂ ಕಡಿಮೆ: ಡಬಲ್ ಲಟ್ಸ್‌ಗೆ ಮೂಲ ಅಂಕ 2.1, ಡಬಲ್ ಫ್ಲಿಪ್‌ಗೆ 1.8. ಲಟ್ಸ್ ಎಂದು ಶುರುಮಾಡಿ ಫ್ಲಿಪ್‌ನಂತೆ ಎದ್ದವರಿಗೆ ಮೂಲ ಅಂಕವೂ ಇಳಿಯುತ್ತದೆ, ಅದರ ಮೇಲೆ ತೀರ್ಪುಗಾರರೂ ಅಂಕ ಕಳೆಯುತ್ತಾರೆ. ನನಗೆ ಆದದ್ದು ಅದೇ.

ಮೊದಲು ನಾನು ಎಲ್ಲರಂತೆ ಇನ್ನೂ ಹೆಚ್ಚು ಲಟ್ಸ್ ಮಾಡಿದೆ. ದಿನಕ್ಕೆ ನಲವತ್ತು. ತಪ್ಪನ್ನೇ ನಲವತ್ತು ಸಲ ಅಭ್ಯಾಸ ಮಾಡಿದೆ ಎಂದು ಈಗ ಗೊತ್ತಾಗುತ್ತದೆ. ಗುರುಗ್ರಾಮದ ನನ್ನ ಕೋಚ್ ಮೇಡಂ ಒಂದು ಬೆಳಿಗ್ಗೆ, “ಬೇಟಾ, ಇಂದಿನಿಂದ ಮೂರು ವಾರ ಲಟ್ಸ್ ಜಿಗಿಯಬೇಡ” ಎಂದರು. ಕಣ್ಣಲ್ಲಿ ನೀರು ಬಂತು. ಇದ್ದದ್ದೇ ಐವತ್ತು ದಿನ, ಅದರಲ್ಲಿ ಮೂರು ವಾರ ಜಿಗಿಯದೆ ಕಳೆಯುವುದೇ? ಅವರು ಜಗ್ಗಲಿಲ್ಲ.

ಆ ವಾರಗಳಲ್ಲೇ ಒಂದು ಕಾರಣ ಪತ್ತೆಯಾಯಿತು. ಒಂದೇ ಕಾಲಿನ ಮೇಲೆ ಸುಮ್ಮನೆ ನೇರವಾಗಿ ಸಾಗಲು ಮೇಡಂ ಹೇಳಿದರು. ಬಲಗಾಲು ನೇರ ಹೋಯಿತು, ಎಡಗಾಲು ಪ್ರತಿ ಸಲವೂ ಒಳಕ್ಕೆ ತಿರುಗಿತು. ಬೂಟು ಬಿಚ್ಚಿ ತಲೆಕೆಳಗೆ ಹಿಡಿದು ನೋಡಿದರೆ ಬ್ಲೇಡ್ ಹಿಮ್ಮಡಿಯ ಬಳಿ ಎರಡು ಮಿಲಿಮೀಟರ್‌ನಷ್ಟು ಹೊರಕ್ಕೆ ಸರಿದು ಕೂತಿತ್ತು. ಕೂರಿಸಿಕೊಟ್ಟ ಅಂಗಡಿಯವರು ಗಮನಿಸಿರಲಿಲ್ಲ, ನಾವೂ ನೋಡಿರಲಿಲ್ಲ. ಬ್ಲೇಡ್ ಸೇರಿ ₹60,000 ದಾಟಿದ ಬೂಟು ಅದು. ಅಪ್ಪ ಅದಕ್ಕಾಗಿ ಭವಿಷ್ಯ ನಿಧಿಯಿಂದ ಹಣ ತೆಗೆದಿದ್ದರು. ತಿರುಪು ಸಡಿಲಿಸಿ ಬ್ಲೇಡನ್ನು ಒಳಕ್ಕೆ ಸರಿಸಿದ ಮೇಲೆ ಎಡಗಾಲು ನೇರ ನಡೆಯಿತು. ಹೊಸ ಬೂಟು ಕೊಳ್ಳುವ ಪ್ರತಿ ಮಗುವಿನ ತಂದೆತಾಯಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ: ತಾತ್ಕಾಲಿಕ ತಿರುಪು ಮಾತ್ರ ಹಾಕಿಸಿ, ಹತ್ತು ದಿನ ಓಡಿಸಿ ನೋಡಿ, ಆಮೇಲೆ ಉಳಿದ ತಿರುಪು. ಸಾಣೆ ಹಿಡಿಸಿದ ಮೇಲೂ ಹಾಗೆಯೇ. ಬ್ಲೇಡ್‌ನ ತಳದಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ, ಅದರ ಎರಡು ಬದಿಗಳೇ ಎರಡು ಅಂಚುಗಳು. ಬ್ಲೇಡನ್ನು ಮೇಲಕ್ಕೆ ತಿರುಗಿಸಿ, ಒಂದು ರೂಪಾಯಿ ನಾಣ್ಯವನ್ನು ಅಡ್ಡಲಾಗಿ ಇಟ್ಟರೆ ಅಂಚುಗಳು ಸಮವಾಗಿವೆಯೇ, ಒಂದು ಎತ್ತರವಾಗಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ.

ಬ್ಲೇಡ್ ಸರಿಯಾದರೂ ಪಾದದ ಅಭ್ಯಾಸ ಸರಿಯಾಗಲಿಲ್ಲ. ಅದು ಬೆಂಗಳೂರಿನ ಕೆಲಸ. ನಮ್ಮ ಹಜಾರದ್ದು ಹಳೆಯ ಕಾಲದ ಕೆಂಪು ನೆಲ. ಅದರ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಬಿಲ್ಲು ಬರೆದು, ಎಡಗಾಲಿನ ಕಿರುಬೆರಳ ಕಡೆಯ ಅಂಚಿನ ಮೇಲೆ ಭಾರ ಬಿಟ್ಟು, ಮಂಡಿ ಬಗ್ಗಿಸಿ ನಿಲ್ಲುತ್ತಿದ್ದೆ. ಬಲಗಾಲನ್ನು ನಿಧಾನವಾಗಿ ಹಿಂದಕ್ಕೆ ಚಾಚಿ ಗೆರೆಯ ಮೇಲೆ ಬೆರಳು ತಾಗಿಸುವುದು, ಮತ್ತೆ ತರುವುದು. ಪಾದ ಒಳಕ್ಕೆ ಕುಸಿಯಬಾರದು. ಮೊದಲ ದಿನ ಆರನೆಯ ಸಲಕ್ಕೇ ಸೊಂಟದ ಪಕ್ಕ ಉರಿ ಎದ್ದಿತು. ಫಿಸಿಯೋಥೆರಪಿಸ್ಟ್ ನೋಡಿ, ನನ್ನ ಎಡ ಸೊಂಟದ ಪಕ್ಕದ ಸ್ನಾಯು ಬಲಗಡೆಗಿಂತ ದುರ್ಬಲವಾಗಿದೆ, ಪಾದ ಜಾರುವುದು ಅಲ್ಲಿಂದ ಎಂದರು. ನನ್ನ ತಪ್ಪು ಪಾದದಲ್ಲಿ ಕಾಣುತ್ತಿತ್ತು, ಹುಟ್ಟುತ್ತಿದ್ದುದು ಸೊಂಟದಲ್ಲಿ! ಎಂಟು ತಿಂಗಳು ಬೆಳಿಗ್ಗೆ ಸಂಜೆ ಅದೇ ಕೆಲಸ. ಅಮ್ಮ ನೆಲ ಒರೆಸುವಾಗ ಆ ಗೆರೆಯನ್ನು ಸುತ್ತಿಕೊಂಡು ಒರೆಸುತ್ತಿದ್ದರು, ಒಮ್ಮೆಯೂ ಅಳಿಸಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ನಾವು ಶಿಮ್ಲಾಕ್ಕೆ ಹೋದೆವು. ಅಲ್ಲಿನ ರಿಂಕ್ 1920ರದ್ದು, ತೆರೆದ ಆಕಾಶದ ಕೆಳಗಿನದು. ಯಂತ್ರದಿಂದ ತಣಿಸಿದ ಐಸ್ ಅಲ್ಲ: ಸಂಜೆ ಅಂಗಳಕ್ಕೆ ನೀರು ಬಿಡುತ್ತಾರೆ, ರಾತ್ರಿಯ ಚಳಿ ಅದನ್ನು ಹೆಪ್ಪುಗಟ್ಟಿಸುತ್ತದೆ. ಮೋಡ ಕವಿದ ರಾತ್ರಿ ಐಸ್ ಕಟ್ಟುವುದಿಲ್ಲ, ಮರುದಿನ ಆಟವೂ ಇಲ್ಲ. ಹನ್ನೊಂದು ದಿನ ಇದ್ದೆವು, ಏಳು ದಿನ ಐಸ್ ಸಿಕ್ಕಿತು. ನಾಲ್ಕು ಬೆಳಿಗ್ಗೆ ರಿಂಕ್ ಬಳಿ ಹೋಗಿ, ನೀರಿನಂತೆ ಹೊಳೆಯುವ ಅಂಗಳ ನೋಡಿ ವಾಪಸಾದೆವು.

ಐದನೆಯ ಬೆಳಿಗ್ಗೆ ಐಸ್ ಮೇಲೆ ಇಳಿದ ಮೊದಲಿಗಳು ನಾನೇ. ಒಂದು ಗೀರೂ ಇಲ್ಲದ ಐಸ್. ಮಾಲ್‌ನ ರಿಂಕ್‌ನಲ್ಲಿ ನೂರಾರು ಕಾಲುಗಳ ಗೀರುಗಳ ನಡುವೆ ನಮ್ಮ ಜಾಡು ನಮಗೇ ಸಿಗುವುದಿಲ್ಲ. ಇಲ್ಲಿ ನಾನು ಕೊರೆದದ್ದೆಲ್ಲ ಬಿಳಿಯ ದಾರದಂತೆ ಉಳಿಯಿತು. ಒಂದೇ ಸುತ್ತಿನ ಲಟ್ಸ್ ಮಾಡಿ, ವಾಪಸು ಬಂದು, ಮಂಡಿಯೂರಿ ನೋಡಿದೆ. ಉದ್ದನೆಯ ಬಿಲ್ಲು ಚೆನ್ನಾಗಿಯೇ ಬಂದು, ಹಲ್ಲು ಚುಚ್ಚಿದ ಗುಳಿಗೆ ಒಂದು ಮೊಳ ಮೊದಲು ಸಣ್ಣಗೆ ವಿರುದ್ಧ ದಿಕ್ಕಿಗೆ ತಿರುಗಿತ್ತು. ತಿಂಗಳುಗಟ್ಟಲೆ ಹಿರಿಯರು ಹೇಳಿದ್ದು, ವಿಡಿಯೋದಲ್ಲಿ ನಿಲ್ಲಿಸಿ ನಿಲ್ಲಿಸಿ ತೋರಿಸಿದ್ದು, ಆ ಒಂದು ಮೊಳದ ಗೆರೆಯಲ್ಲಿ ನನಗೆ ಅರ್ಥವಾಯಿತು. ನಾನು ಚುಚ್ಚುವ ಮೊದಲೇ ಎಡ ಭುಜವನ್ನು ತಿರುಗಿಸಿಬಿಡುತ್ತಿದ್ದೆ. ಭುಜ ಹೋದ ಕಡೆ ಸೊಂಟ, ಸೊಂಟ ಹೋದ ಕಡೆ ಪಾದ. ಇಪ್ಪತ್ತಮೂರನೆಯ ಲಟ್ಸ್‌ನಲ್ಲಿ ಬಿಲ್ಲು ಗುಳಿಯವರೆಗೂ ಬಿಲ್ಲಾಗಿಯೇ ಉಳಿಯಿತು. ಅಪ್ಪನನ್ನು ಕೂಗಿ ಕರೆದೆ. ಅವರು ಬೂಟ್ಸಿನಲ್ಲೇ ಐಸ್ ಮೇಲೆ ಮೆಲ್ಲನೆ ನಡೆದು ಬಂದು ಮೊಬೈಲ್‌ನಲ್ಲಿ ಆ ಗೆರೆಯ ಚಿತ್ರ ತೆಗೆದರು.

ಈ ಆಟಕ್ಕೆ ಫಿಗರ್ ಸ್ಕೇಟಿಂಗ್ ಎಂಬ ಹೆಸರು ಬಂದದ್ದೇ ಐಸ್ ಮೇಲೆ ಕೊರೆಯುವ ಆಕೃತಿಗಳಿಂದ. 1990ರವರೆಗೂ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಎಂಟರ ಅಂಕಿಯಂಥ ಆಕೃತಿ ಕೊರೆಯುವ ಭಾಗವಿತ್ತು, ತೀರ್ಪುಗಾರರು ಬಗ್ಗಿ ಆ ಜಾಡನ್ನು ಪರೀಕ್ಷಿಸುತ್ತಿದ್ದರು. ಟಿವಿಯಲ್ಲಿ ನೋಡಲು ಬೇಸರ ಎಂಬುದೂ ಅದನ್ನು ಕೈಬಿಡಲು ಒಂದು ಕಾರಣ. ನನಗೆ ಅದು ನಷ್ಟವೆಂದೇ ಅನಿಸುತ್ತದೆ.

ಮುಂದಿನ ಸ್ಪರ್ಧೆಯಲ್ಲಿ ನನಗೆ ನಾಲ್ಕನೆಯ ಸ್ಥಾನ. ಡಬಲ್ ಲಟ್ಸ್ ಪಕ್ಕದ ಜಾಗ ಖಾಲಿ ಇತ್ತು.

ಆಮೇಲೆ ನಾಲ್ಕು ವರ್ಷ ಆಡಿದೆ. ಡಬಲ್ ಆಕ್ಸೆಲ್ ಎಂಬ ಜಿಗಿತಕ್ಕೆ ಎರಡೂವರೆ ಸುತ್ತು ಬೇಕು, ನನ್ನದು ಯಾವಾಗಲೂ ಕಾಲು ಸುತ್ತಿನಷ್ಟು ಕಡಿಮೆ ಬೀಳುತ್ತಿತ್ತು. ಹದಿನೆಂಟರಲ್ಲಿ ಕೆಳಬೆನ್ನಿನ ಮೂಳೆಯಲ್ಲಿ ಬಿರುಕು ಕಂಡಿತು. ಆರು ತಿಂಗಳು ಸ್ಕೇಟ್ ಕಟ್ಟಲಿಲ್ಲ, ಮತ್ತೆ ಕಟ್ಟಿದಾಗ ಸ್ಪರ್ಧೆಗೆ ಹೋಗುವ ದೇಹ ಅದಾಗಿರಲಿಲ್ಲ. ಹದಿಮೂರರ ಹಗುರ ಮೈಯಲ್ಲಿ ಆದಷ್ಟು ಬೇಗ ಎಲ್ಲ ಜಿಗಿತ ಕಲಿತುಬಿಡಬೇಕು ಎಂಬ ಅವಸರ ನಮ್ಮೆಲ್ಲರಲ್ಲೂ ಇತ್ತು. 2022ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಸೀನಿಯರ್ ವಿಭಾಗದ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹಂತಹಂತವಾಗಿ ಹದಿನೇಳಕ್ಕೆ ಏರಿಸಲು ತೀರ್ಮಾನಿಸಿತು. ಆ ಸುದ್ದಿ ಓದಿದಾಗ ನಾನು ಆಟ ಬಿಡುವ ಹಂತದಲ್ಲಿದ್ದೆ, ಆದರೂ ಮನಸ್ಸು ಹಗುರವಾಯಿತು. ವರ್ಷಕ್ಕೆ ಐವತ್ತು ದಿನ ಐಸ್ ಸಿಗುವ ಮಕ್ಕಳಿಗೆ ಎರಡು ವರ್ಷ ಎಂದರೆ ನೂರು ದಿನ.

ಈಗ ಅದೇ ವಿಜಯನಗರದ ರಿಂಕ್‌ನಲ್ಲಿ ಹನ್ನೆರಡು ಮಕ್ಕಳಿಗೆ ಕಲಿಸುತ್ತೇನೆ. ಸಿಮೆಂಟ್ ಮೇಲೆ ಚಕ್ರದ ಜಾಡು ಕಾಣುವುದಿಲ್ಲ. ಅದಕ್ಕೆ ಬೆಳಿಗ್ಗೆ ಮೂಲೆಯಲ್ಲಿ ಒಂದು ಬಕೆಟ್ ನೀರು ಇಟ್ಟುಕೊಂಡಿರುತ್ತೇನೆ. ನೆಲಕ್ಕೆ ಒಂದು ಚೊಂಬು ಚೆಲ್ಲಿ, “ಇದರ ಮೇಲೆ ಹಾದು, ಹಿಂದಕ್ಕೆ ಬಿಲ್ಲು ತೆಗೆಯಿರಿ” ಎನ್ನುತ್ತೇನೆ. ಒದ್ದೆ ಚಕ್ರ ಒಣ ಸಿಮೆಂಟಿನ ಮೇಲೆ ಕಪ್ಪು ಗೆರೆ ಬಿಡುತ್ತದೆ. ಬಿಸಿಲೇರಿದ ಮೇಲೆ ಅದು ಅರೆ ನಿಮಿಷವೂ ನಿಲ್ಲುವುದಿಲ್ಲ. ಅಷ್ಟರೊಳಗೆ ಮಕ್ಕಳು ಓಡಿ ಬಂದು, ಕುಕ್ಕರಗಾಲಿನಲ್ಲಿ ಕೂತು, ತಮ್ಮ ಗೆರೆ ಎಲ್ಲಿ ತಿರುಗಿದೆ ಎಂದು ಬೆರಳಿಟ್ಟು ತೋರಿಸಬೇಕು.