ವರ್ಡ್‌ನ ಪಟ್ಟಿ ಎಕ್ಸೆಲ್‌ಗೆ: ಅಕ್ಷರ ಕೆಡದಂತೆ ಅಂಟಿಸುವುದು ಹೇಗೆ?

ಬಸವನಗುಡಿಯ ನಮ್ಮ ಬೀದಿಯ ಹಿರಿಯರೊಬ್ಬರು ಕಳೆದ ಅಕ್ಟೋಬರ್‌ನಲ್ಲಿ ಪೆನ್‌ಡ್ರೈವ್ ಹಿಡಿದು ಬಂದರು. ರಾಜ್ಯೋತ್ಸವಕ್ಕೆ ಚಂದಾ ಕೊಟ್ಟವರ ಪಟ್ಟಿ: ಹೆಸರು, ಮನೆ ನಂಬರು, ಫೋನು, ಮೊತ್ತ. ವರ್ಡ್‌ನಲ್ಲಿ ಅಚ್ಚುಕಟ್ಟಾಗಿಯೇ ಇತ್ತು. ಎಕ್ಸೆಲ್‌ಗೆ ಅಂಟಿಸಿದ್ದೇ ತಡ, ಹೆಸರುಗಳ ಜಾಗದಲ್ಲಿ ಪೌಂಡ್ ಗುರುತುಗಳೂ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳೂ ಸಂತೆ ನೆರೆದವು. 12/3ನೇ ನಂಬರಿನ ಮನೆ ಮಾರ್ಚ್ 12 ಆಗಿತ್ತು. ‘ವೈರಸ್ ಏನಪ್ಪಾ ಇದು?’ ಎಂದರು. ವೈರಸ್ ಅಲ್ಲ. ಆದರೆ ಕಾಯಿಲೆ ಒಂದಲ್ಲ, ಎರಡು. ಮದ್ದೂ ಬೇರೆ ಬೇರೆ.

ಮೊದಲು ಹೆಸರಿನ ಕಥೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಇರುವುದು ರೋಮನ್ ಅಕ್ಷರಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ವೇಷ ತೊಡಿಸಿರುತ್ತದೆ. ಅಂಟಿಸುವಾಗ ಎಕ್ಸೆಲ್ ತನ್ನದೇ ಫಾಂಟ್ ಹಾಕಿಕೊಂಡರೆ ವೇಷ ಕಳಚುತ್ತದೆ. ಒಂದೊಂದು ಲಿಪಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ಸ್ವಂತ ಸಂಕೇತಗಳಿರುವುದರಿಂದ ಫಾಂಟ್ ತುಂಗಾ ಇರಲಿ, ನಿರ್ಮಲಾ ಇರಲಿ, ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಇನ್ನೂ ಹಳೆಯ ಫಾಂಟನ್ನೇ ಬಳಸುವ ಡಿಟಿಪಿ ಅಂಗಡಿಯವರನ್ನು ದೂರಬೇಡಿ. ಪುಟ ಜೋಡಿಸುವ ಪೇಜ್‌ಮೇಕರ್‌ನಂಥ ಹಳೆಯ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಒಗ್ಗುವುದಿಲ್ಲ.

ನಿಮ್ಮ ಕಡತ ಯಾವ ಬಗೆಯದೆಂದು ತಿಳಿಯಲು ಒಂದು ಹೆಸರನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಕನ್ನಡ ಕಂಡರೆ ಯೂನಿಕೋಡ್. ಸಂತೆ ಕಂಡರೆ ಹಳೆಯದು. ಆಗ ಸೆಲ್‌ಗಳಿಗೆ ನುಡಿ ಫಾಂಟ್ ಹಾಕಿ ಕೈತೊಳೆದುಕೊಳ್ಳುವವರೇ ಹೆಚ್ಚು. ನಿಮ್ಮ ಕಂಪ್ಯೂಟರ್‌ನಲ್ಲಿ ಸರಿ ಕಾಣುವ ಅದೇ ಪಟ್ಟಿ ಇನ್ನೊಬ್ಬರ ಮೊಬೈಲ್‌ನಲ್ಲಿ ಮತ್ತೆ ಸಂತೆಯೇ. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕ ಬರುತ್ತದೆ. ಅದರಲ್ಲಿ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಕನ್ನಡದ ಕಾಲಂಗಳನ್ನು ಮಾತ್ರ ಕೊಡಿ. ನಡುವೆ ಇಂಗ್ಲಿಷ್ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಪದ ಹೆಣೆಯುತ್ತದೆ.

ಇನ್ನು ಮನೆ ನಂಬರು. ಬೆಂಗಳೂರಿನ ಅರ್ಧ ವಿಳಾಸಗಳಲ್ಲಿ ಓರೆಗೆರೆ ಇರುತ್ತದೆ, ಎಕ್ಸೆಲ್‌ಗೆ ಅದು ತಾರೀಖು. ಆಮೇಲೆ ‘ಟೆಕ್ಸ್ಟ್’ ಎಂದು ಬದಲಾಯಿಸಿದರೆ 12/3 ಮರಳಿ ಬರುವುದಿಲ್ಲ, ಐದಂಕಿಯ ಸಂಖ್ಯೆಯೊಂದು ಬರುತ್ತದೆ. 080 ಎಂಬ ಕೋಡ್‌ನ ಮೊದಲ ಸೊನ್ನೆಯೂ ಹೀಗೆಯೇ ಮಾಯ. ಆದ್ದರಿಂದ ಅಂಟಿಸುವ ಮೊದಲೇ ಮನೆ ನಂಬರು ಮತ್ತು ಫೋನಿನ ಖಾಲಿ ಕಾಲಂಗಳನ್ನು ಆಯ್ದು, ಹೋಮ್ ಮೆನುವಿನಲ್ಲಿ ‘ಜನರಲ್’ ಎಂದಿರುವಲ್ಲಿ ‘ಟೆಕ್ಸ್ಟ್’ ಆರಿಸಿ. ಮೊತ್ತದ ಕಾಲಂ ಮುಟ್ಟಬೇಡಿ.

ಈಗ ಅಂಟಿಸಿ, ಆದರೆ ಬರೀ ಕಂಟ್ರೋಲ್-ವಿ ಒತ್ತಬೇಡಿ. ಅದು ವರ್ಡ್‌ನ ಫಾಂಟ್, ಬಣ್ಣ, ಗೆರೆಗಳನ್ನು ಎಳೆದು ತಂದು, ನೀವು ಹಾಕಿಟ್ಟ ‘ಟೆಕ್ಸ್ಟ್’ ಅನ್ನೂ ಅಳಿಸಬಹುದು. ಬಲಗಡೆಯ ಮೌಸ್ ಗುಂಡಿ ಒತ್ತಿ, ‘ಮ್ಯಾಚ್ ಡೆಸ್ಟಿನೇಷನ್ ಫಾರ್ಮ್ಯಾಟಿಂಗ್’ ಆರಿಸಿ.

ಕೆಲವು ಪಟ್ಟಿಗಳು ಕೋಷ್ಟಕವೇ ಅಲ್ಲ, ಸ್ಪೇಸ್ ಬಾರ್ ಒತ್ತಿ ಒತ್ತಿ ಜೋಡಿಸಿದ ಸಾಲುಗಳು. ಅವು ಅಂಟಿಸಿದಾಗ ಒಂದೇ ಕಾಲಂಗೆ ಬಂದು ಬೀಳುತ್ತವೆ. ಇಂಗ್ಲಿಷ್ ಪಟ್ಟಿಯಾದರೆ ಫಾಂಟನ್ನು ಕನ್ಸೋಲಾಸ್‌ಗೆ ಬದಲಾಯಿಸಿ ನೋಡಿ. ಅದರಲ್ಲಿ ಎಲ್ಲ ಅಕ್ಷರಗಳ ಅಗಲವೂ ಒಂದೇ. ಪಟ್ಟಿಯನ್ನು ಮೊದಲೇ ಅಂಥ ಫಾಂಟ್‌ನಲ್ಲಿ ಜೋಡಿಸಿದ್ದರೆ ಮಾತ್ರ ಕಾಲಂಗಳು ನೇರ ನಿಲ್ಲುತ್ತವೆ. ನೇರ ನಿಂತರೆ, ಅಂಟಿಸಿದ ಮೇಲೆ ಡೇಟಾ ಮೆನುವಿನ ‘ಟೆಕ್ಸ್ಟ್ ಟು ಕಾಲಮ್ಸ್’ನಲ್ಲಿ ‘ಫಿಕ್ಸೆಡ್ ವಿಡ್ತ್’ ಆರಿಸಿ ಕತ್ತರಿಸಬಹುದು. ಕನ್ನಡದಲ್ಲಿ ಈ ಉಪಾಯ ನಡೆಯದು. ಒತ್ತಕ್ಷರ, ಕೊಂಬುಗಳು ಅಗಲದ ಲೆಕ್ಕ ತಪ್ಪಿಸುತ್ತವೆ. ಕನ್ನಡಕ್ಕೂ, ನೇರ ನಿಲ್ಲದ ಇಂಗ್ಲಿಷ್ ಪಟ್ಟಿಗೂ ವರ್ಡ್‌ನಲ್ಲೇ ಸ್ಪೇಸ್‌ಗಳ ಜಾಗದಲ್ಲಿ ಟ್ಯಾಬ್ ಹಾಕಿಕೊಂಡು ಬರುವುದೇ ದಾರಿ. ಬೇಸರದ ಕೆಲಸ, ಕಾಫಿ ಜೊತೆಗಿರಲಿ.

ಮೊತ್ತ ಕೂಡಿಸಿದರೆ ಸೊನ್ನೆ ಬಂತೇ? ನಮ್ಮವರು ‘500/-’ ಎಂದೇ ಬರೆಯುವುದು; ಎಕ್ಸೆಲ್‌ಗೆ ಅದು ಸಂಖ್ಯೆಯಲ್ಲ. ಮೊತ್ತದ ಕಾಲಂ ಆಯ್ದು, ಕಂಟ್ರೋಲ್-ಎಚ್ ಒತ್ತಿ, ಹುಡುಕುವ ಪೆಟ್ಟಿಗೆಯಲ್ಲಿ ‘/-’ ಎಂಬ ಆ ಬಾಲವನ್ನು ಬರೆದು, ಕೆಳಗಿನದನ್ನು ಖಾಲಿ ಬಿಟ್ಟು ‘ರಿಪ್ಲೇಸ್ ಆಲ್’ ಒತ್ತಿ.

ಕೊನೆಗೆ ಸಿಎಸ್‌ವಿ, ಅಂದರೆ ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸರಳ ಪಠ್ಯ ಕಡತ ಬೇಕೆಂದು ಯಾರಾದರೂ ಕೇಳಿದರೆ, ಉಳಿಸುವಾಗ ‘ಯುಟಿಎಫ್-8’ ಎಂದಿರುವ ಸಿಎಸ್‌ವಿಯನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದ್ದ ನಮ್ಮ ಹಿರಿಯರಿಗೆ ಮಾರನೆಯ ದಿನ ಸಿಕ್ಕಿದ್ದು ಕಾಲಂ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಪುಣ್ಯಕ್ಕೆ ಎಕ್ಸೆಲ್ ಕಡತವನ್ನು ಅಳಿಸಿರಲಿಲ್ಲ.